ಜಾಲತಾಣಕ್ಕೆ ಬಹುಮಾನ: ಅಳತೆಗೋಲು ಯಾವುದು?

ವಿದ್ಯಾರ್ಥಿಗಳ ರೋಬಾಟ್ ಸ್ಪರ್ಧೆಗಳಲ್ಲಿ ಯಂತ್ರಕ್ಕೆ ಮಾತ್ರವಲ್ಲ, ತಂಡದ ಜಾಲತಾಣಕ್ಕೂ ಬಹುಮಾನ ಕೊಡುವುದುಂಟು. ಅಮೆರಿಕದಲ್ಲಿ ಡೀನ್ ಕಾಮೆನ್ 1989ರಲ್ಲಿ ಸ್ಥಾಪಿಸಿದ 'ಫಸ್ಟ್' ಸಂಸ್ಥೆಯ ಪ್ರೌಢಶಾಲಾ ಸ್ಪರ್ಧೆಯಲ್ಲಿ ಇಂಥ ಪ್ರಶಸ್ತಿ ಹಲವು ವರ್ಷ ಇತ್ತು. ಉದ್ದೇಶ ಒಳ್ಳೆಯದೇ. ಆದರೆ ತೀರ್ಪುಗಾರರು ಅಂಕ ಹಾಕಬೇಕಾದುದು ಯಾವುದಕ್ಕೆ?

ಎರಡು ತಂಡಗಳನ್ನು ಊಹಿಸಿಕೊಳ್ಳಿ. ಜಯನಗರದ ತಂಡದ ತಾಣದಲ್ಲಿ ಚಲಿಸುವ ಚಿತ್ರಗಳು, ಚೆಂದದ ಬಣ್ಣಗಳು, 'ನಮ್ಮ ರೋಬಾಟ್‌ನ ವೇಗ ಸೆಕೆಂಡಿಗೆ 1 ಮೀಟರ್' ಎಂಬ ಘೋಷಣೆ. ಬನಶಂಕರಿಯ ತಂಡದ ತಾಣದಲ್ಲಿ ಒಂದು ಕೋಷ್ಟಕ ಮಾತ್ರ: ಬ್ಯಾಟರಿ 8.4 ವೋಲ್ಟ್ ಇದ್ದಾಗಿನ ವೇಗ, 7.4 ವೋಲ್ಟ್‌ಗೆ ಇಳಿದಾಗಿನ ವೇಗ. ಕೆಳಗೆ, 'ಕಿಟಕಿಯ ಬಿಸಿಲು ಬಿದ್ದಾಗ ರೋಬಾಟ್ ಕಪ್ಪು ಗೆರೆ ತಪ್ಪಿತು' ಎಂಬ ಟಿಪ್ಪಣಿ.

ಹೊರೆ ಕಡಿಮೆ ಇದ್ದಾಗ ನೇರ ವಿದ್ಯುತ್ ಮೋಟಾರಿನ ವೇಗ ವೋಲ್ಟೇಜಿಗೆ ಸರಿಸುಮಾರು ಅನುಪಾತದಲ್ಲಿರುತ್ತದೆ. 8.4ರಿಂದ 7.4ಕ್ಕೆ ಇಳಿದರೆ ವೇಗ ಸುಮಾರು ಶೇ. 12 ಕುಗ್ಗುತ್ತದೆ. ವೋಲ್ಟೇಜ್ ಹೇಳದ ವೇಗ ಅಳತೆಯಲ್ಲ, ಜಾಹೀರಾತು. ಇನ್ನು ಬಿಸಿಲಿನಲ್ಲಿ ಅವಕೆಂಪು ಕಿರಣಗಳೂ ಇರುವುದರಿಂದ ಗೆರೆ ಗುರುತಿಸುವ ಸಂವೇದಕ ಮೋಸಹೋಗುತ್ತದೆ. ಎರಡನೆಯ ತಂಡ ತನ್ನ ಸೋಲನ್ನು ಬರೆದು ಭೌತವಿಜ್ಞಾನವನ್ನೇ ಕಲಿಸಿದೆ. ಆದರೂ ಅಂದಕ್ಕೆ ಹೆಚ್ಚು ಅಂಕವಿದ್ದರೆ ಗೆಲ್ಲುವುದು ಮೊದಲನೆಯದೇ. ಆಗ ಮಕ್ಕಳು ಕಲಿಯುವ ಪಾಠವೇನು? ಸೋಲನ್ನು ಮುಚ್ಚಿಡು ಎಂಬುದಲ್ಲವೇ?

ಸರಿಯಾದ ಮಾದರಿ ನಮ್ಮಲ್ಲೇ ಇದೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ತಂಡಗಳು ವರದಿಯ ಜೊತೆಗೆ ದಿನದಿನದ ಕೆಲಸ ಬರೆದ ಲಾಗ್‌ಬುಕ್ಕನ್ನೂ ಇಡಬೇಕು. ಜಾಲತಾಣವೂ ಒಂದು ಲಾಗ್‌ಬುಕ್ಕೇ. ಎಲ್ಲರಿಗೂ ತೆರೆದದ್ದು, ಅಷ್ಟೇ.

ನೂರು ಅಂಕಗಳನ್ನು ನಾನು ಹೀಗೆ ಹಂಚುತ್ತೇನೆ: ಓದಿದವರು ಮತ್ತೆ ಮಾಡಿನೋಡಲು ಸಾಕಾಗುವ ವಿವರಕ್ಕೆ 40, ವೈಫಲ್ಯ ಮತ್ತು ತಿದ್ದುಪಡಿಗಳ ದಾಖಲೆಗೆ 30, ಯಾರು ಏನು ಮಾಡಿದರು ಎಂಬ ಪ್ರಾಮಾಣಿಕ ಹೇಳಿಕೆಗೆ 20, ಅಂದಕ್ಕೆ 10. ಅಂದ ಬೇಡವೆಂದಲ್ಲ, ಅಕ್ಷರ ಓದಲಾಗದಿದ್ದರೆ ವಿವರವೂ ವ್ಯರ್ಥ. ಆದರೆ ಅದನ್ನು ಹಣ ಕೊಟ್ಟು ಹೊರಗೆ ಮಾಡಿಸಬಹುದು. ಅಳತೆಯ ಶ್ರಮ ಮಕ್ಕಳದೇ ಆಗಿರಬೇಕು.

ಶಿಕ್ಷಕರೇ, ಮುಂದೆ ನೀವು ತೀರ್ಪುಗಾರರಾದಾಗ ಒಂದು ಪರೀಕ್ಷೆ ಮಾಡಿ. ತಾಣವನ್ನು ಬೇರೆ ಶಾಲೆಯ ವಿದ್ಯಾರ್ಥಿಗೆ ತೋರಿಸಿ, 'ಇದನ್ನು ಓದಿ ನೀನು ಈ ರೋಬಾಟ್ ಕಟ್ಟಬಲ್ಲೆಯಾ?' ಎಂದು ಕೇಳಿ. ಅವನ ಉತ್ತರ ಕೇಳಿದ ಮೇಲೆ ಅಂಕ ಹಾಕಿ.