ಅಂಗಾಲಿನ ಕಪ್ಪು ಕಲೆಗೆ ಯಾರ ಅಳತೆಗೋಲು?

ಕೃಷ್ಣರಾಜಪುರದ ಸಂತೆಯಲ್ಲಿ ಸೊಪ್ಪು ಮಾರುವ ಅರವತ್ತರ ಆಸುಪಾಸಿನ ಮಹಿಳೆಯೊಬ್ಬರನ್ನು ಕಲ್ಪಿಸಿಕೊಳ್ಳಿ. ಹಿಮ್ಮಡಿಯ ಬಳಿ ಒಂದು ಕಪ್ಪು ಕಲೆ. ಮೊದಲು ಮುಳ್ಳು ಚುಚ್ಚಿದ ಗುರುತು ಎಂದುಕೊಂಡರು, ಆಮೇಲೆ ಆಣಿ ಎಂದುಕೊಂಡರು. ಒಂದೂವರೆ ವರ್ಷ ಕಳೆದು ಅದು ಒಡೆದು ರಕ್ತ ಜಿನುಗಿದಾಗ ಮಗ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹತ್ತಿಸಿ, ಸಿಲ್ಕ್ ಬೋರ್ಡಿನಲ್ಲಿ ಇನ್ನೊಂದು ಬಸ್ಸು ಹಿಡಿದು ಕಿದ್ವಾಯಿ ಸಂಸ್ಥೆಗೆ ಕರೆದೊಯ್ದ. ಬಯಾಪ್ಸಿ ವರದಿ ಬಂತು: ಮೆಲನೋಮ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಮಗನಿಗೆ ಇರುವುದು ಒಂದೇ ಪ್ರಶ್ನೆ: ಅಮ್ಮ ಉಳಿಯುತ್ತಾರೆಯೇ?

ಅದೇ ವಾರ ಅವನ ಕಣ್ಣಿಗೆ 'ರೋಗನಿರೋಧಕ ಕಣಗಳ ಪರೀಕ್ಷೆಯಿಂದ ಚರ್ಮ ಕ್ಯಾನ್ಸರಿನ ಭವಿಷ್ಯ ತಿಳಿಯಬಹುದು' ಎಂಬ ಲೇಖನ ಬಿದ್ದರೆ? ಇಂಥ ಲೇಖನಗಳನ್ನು ನೀವೂ ಓದಿದ್ದೀರಿ, ನಾವೂ ಬರೆದಿದ್ದೇವೆ. ಅವುಗಳಲ್ಲಿ ಸುಳ್ಳಿರುವುದಿಲ್ಲ. ಆದರೆ ಯಾರ ಭವಿಷ್ಯ, ಯಾವ ಬಗೆಯ ಭವಿಷ್ಯ ಎಂಬುದು ಬಿಟ್ಟುಹೋಗಿರುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಮೂಲ ವಿಚಾರ ಹಳೆಯದು, ಗಟ್ಟಿಯಾದದ್ದೂ ಹೌದು. ಮೆಲನೋಮ ಗಂತಿಯ ತೆಳು ಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕ್ಯಾನ್ಸರ್ ಕೋಶಗಳ ನಡುವೆ ಲಿಂಫೋಸೈಟುಗಳು, ಅಂದರೆ ದೇಹದ ಕಾವಲು ಕೋಶಗಳು, ನುಗ್ಗಿರುವುದು ಕಾಣಿಸುತ್ತದೆ. ಅಮೆರಿಕದ ರೋಗವಿಜ್ಞಾನಿ ವ್ಯಾಲೇಸ್ ಕ್ಲಾರ್ಕ್ ಮತ್ತು ಸಂಗಡಿಗರು ಈ ನುಗ್ಗುವಿಕೆಯನ್ನು ಬಿರುಸು, ವಿರಳ, ಇಲ್ಲ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿದರು. 1996ರಲ್ಲಿ ಕ್ಲೆಮೆಂಟೆ ಮತ್ತಿತರರು 285 ರೋಗಿಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಂಕಿಗಳು ಇಂದಿಗೂ ಉಲ್ಲೇಖಗೊಳ್ಳುತ್ತವೆ. ಐದು ವರ್ಷ ಬದುಕುಳಿದವರು ಬಿರುಸು ದರ್ಜೆಯಲ್ಲಿ ಶೇ. 77, ವಿರಳದಲ್ಲಿ ಶೇ. 53, ಕಾವಲು ಕೋಶಗಳೇ ಇಲ್ಲದವರಲ್ಲಿ ಶೇ. 37.

ವ್ಯತ್ಯಾಸ ದೊಡ್ಡದು. ಆದರೆ ಇದೇ ಅಂಕಿಗಳನ್ನು ತಿರುವಿ ಓದಿ ನೋಡಿ. ಬಿರುಸು ದರ್ಜೆಯ ನೂರು ಮಂದಿಯಲ್ಲಿ 23 ಜನ ಐದು ವರ್ಷದೊಳಗೆ ತೀರಿಕೊಂಡರು. ಕಾವಲೇ ಇಲ್ಲದ ನೂರು ಮಂದಿಯಲ್ಲಿ 37 ಜನ ಉಳಿದರು. ಗುಂಪಿನ ಬಗ್ಗೆ ನಿಜವಾದ ಮಾತು ಒಬ್ಬ ವ್ಯಕ್ತಿಗೆ ಬಂದಾಗ ಇಷ್ಟು ಸಡಿಲವಾಗುತ್ತದೆ. ಈ 'ತಿರುವಿದ' ಅಂಕಿಯನ್ನು ಲೇಖನಗಳು ಕೊಡುವುದು ಅಪರೂಪ.

ಎರಡನೆಯ ತಕರಾರು ನಮ್ಮ ಭಾಷೆಗೇ ಸಂಬಂಧಿಸಿದ್ದು. ಚಿಕಿತ್ಸೆ ಏನೇ ಇರಲಿ, ರೋಗ ಯಾವ ದಾರಿ ಹಿಡಿಯುತ್ತದೆಂದು ಹೇಳುವ ಗುರುತು ಒಂದು. ನಿರ್ದಿಷ್ಟ ಔಷಧಿ ಈ ರೋಗಿಗೆ ಫಲಿಸುತ್ತದೆಯೇ ಎಂದು ಹೇಳುವ ಗುರುತು ಇನ್ನೊಂದು. ಎರಡಕ್ಕೂ ನಾವು 'ಮುನ್ಸೂಚಕ' ಎಂದೇ ಬರೆಯುತ್ತೇವೆ. ಮೊದಲನೆಯದನ್ನು ಗತಿಸೂಚಕ, ಎರಡನೆಯದನ್ನು ಫಲಸೂಚಕ ಎನ್ನೋಣ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ತಿಳಿಸಿ. ಲಿಂಫೋಸೈಟ್ ದರ್ಜೆ ಮುಖ್ಯವಾಗಿ ಗತಿಸೂಚಕ. ಪಿಡಿ-ಎಲ್1 ಎಂಬ ಪ್ರೋಟೀನನ್ನು ಫಲಸೂಚಕವೆಂದು ನಂಬಲಾಯಿತು. ಕಾವಲು ಕೋಶಗಳನ್ನು ಸುಮ್ಮನಾಗಿಸುವ ಈ ಪ್ರೋಟೀನು ಗಂತಿಯಲ್ಲಿ ಹೆಚ್ಚಿದ್ದರೆ ಆ ತಡೆ ತೆಗೆಯುವ ಔಷಧಿ ಚೆನ್ನಾಗಿ ಕೆಲಸ ಮಾಡಬೇಕು ಎಂಬುದು ತರ್ಕ. ಇಂಥ ತಡೆಗಳ ಶೋಧಕ್ಕಾಗಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತೇ ಇದೆ.

2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ಆ ತರ್ಕವನ್ನು ಅಷ್ಟು ಸರಳವಾಗಿ ಉಳಿಸಲಿಲ್ಲ. ಪಿಡಿ-ಎಲ್1 ಇದ್ದವರಲ್ಲಿ ನಿವೊಲುಮ್ಯಾಬ್ ಒಂದನ್ನೇ ಕೊಟ್ಟರೂ, ಜೊತೆಗೆ ಇಪಿಲಿಮುಮ್ಯಾಬ್ ಸೇರಿಸಿದರೂ ರೋಗ ಉಲ್ಬಣಿಸದ ಅವಧಿಯ ಮಧ್ಯಾಂಕ 14 ತಿಂಗಳು. ಪಿಡಿ-ಎಲ್1 ಇಲ್ಲದವರಲ್ಲಿ ಒಂದೇ ಔಷಧಿಗೆ 5.3 ತಿಂಗಳು, ಎರಡೂ ಸೇರಿದರೆ 11.2 ತಿಂಗಳು. ಅಂದರೆ 'ಇಲ್ಲ' ಎಂಬ ವರದಿಯ ಅರ್ಥ 'ಔಷಧಿ ದಂಡ' ಎಂದಲ್ಲ. ಜೊತೆಗೆ, ಇಲ್ಲಿ 'ಇದೆ' ಎನ್ನಲು ಶೇ. 5ರಷ್ಟು ಕೋಶಗಳ ಗಡಿ ಹಾಕಲಾಗಿತ್ತು. ಗಡಿಯನ್ನು ಶೇ. 1ಕ್ಕೆ ಇಳಿಸಿದರೆ ನಿನ್ನೆ 'ಇಲ್ಲ'ದ ರೋಗಿ ಇಂದು 'ಇದೆ'ಯವರ ಸಾಲಿಗೆ ಬರುತ್ತಾರೆ. ಗಂತಿ ಅದೇ, ರೋಗಿಯೂ ಅವರೇ.

ಗಡಿಯ ಈ ತೊಂದರೆ ಅಗ್ಗದ ಪರೀಕ್ಷೆಯಲ್ಲಿ ಇನ್ನೂ ಹೆಚ್ಚು. ರಕ್ತದಲ್ಲಿನ ನ್ಯೂಟ್ರೊಫಿಲ್ ಪ್ರಮಾಣವನ್ನು ಲಿಂಫೋಸೈಟ್ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆ ದೊಡ್ಡದಿದ್ದಷ್ಟೂ ರೋಗದ ಗತಿ ಕೆಟ್ಟದು ಎನ್ನುವ ಪ್ರಬಂಧಗಳು ಬೇಕಾದಷ್ಟಿವೆ. ಕೃಷ್ಣರಾಜಪುರದ ಯಾವ ಲ್ಯಾಬಿನಲ್ಲಾದರೂ ಆಗುವ ಸಾಮಾನ್ಯ ರಕ್ತಪರೀಕ್ಷೆ ಇದಕ್ಕೆ ಸಾಕು. ಶೇ. 60ನ್ನು ಶೇ. 30ರಿಂದ ಭಾಗಿಸಿದರೆ 2. ಆದರೆ ಒಡೆದ ಅಂಗಾಲಿನ ಹುಣ್ಣಿಗೆ ಸೋಂಕು ತಗುಲಿ ನ್ಯೂಟ್ರೊಫಿಲ್ 80ಕ್ಕೆ ಏರಿ, ಲಿಂಫೋಸೈಟ್ 12ಕ್ಕೆ ಇಳಿದರೆ ಅದೇ ಸಂಖ್ಯೆ 6.7. ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೂ ಹೀಗೆಯೇ ಏರುತ್ತದೆ. ಏರಿದ್ದು ಕ್ಯಾನ್ಸರಿನಿಂದಲೋ ಕೀವಿನಿಂದಲೋ? ಸಂಖ್ಯೆ ಹೇಳುವುದಿಲ್ಲ. ಒಂದು ಅಧ್ಯಯನ 3ನ್ನು ಗಡಿ ಎನ್ನುತ್ತದೆ, ಇನ್ನೊಂದು 5ನ್ನು. ಕೈಲಿರುವ ಅಂಕಿಗಳಲ್ಲೇ ಹುಡುಕಿ 'ಅತ್ಯುತ್ತಮ' ಗಡಿಯನ್ನು ಆರಿಸಿದರೆ ಶೇ. 5 ಇರಬೇಕಾದ ತಪ್ಪು ತೀರ್ಮಾನದ ಸಂಭವ ಶೇ. 40ರವರೆಗೂ ಏರಬಹುದು ಎಂದು ಡಗ್ಲಸ್ ಆಲ್ಟ್‌ಮನ್ ಮತ್ತಿತರರು 1994ರಲ್ಲೇ ತೋರಿಸಿದ್ದರು. ಇಂಥ ಗುರುತುಗಳ ಅಧ್ಯಯನವನ್ನು ಹೇಗೆ ವರದಿ ಮಾಡಬೇಕೆಂಬ 'ರಿಮಾರ್ಕ್' ಸೂಚನೆಗಳು 2005ರಲ್ಲಿ ಬಂದವು. ಗಡಿಯನ್ನು ಹೇಗೆ ನಿರ್ಧರಿಸಿದಿರಿ ಎಂಬುದು ಅದರಲ್ಲಿ ಕೇಳಿರುವ ಪ್ರಶ್ನೆಗಳಲ್ಲೊಂದು.

ಈಗ ಅಂಗಾಲಿಗೆ ಬರೋಣ. ಈ ಗುರುತುಗಳನ್ನು ಅಳೆದದ್ದು ಬಹುಪಾಲು ಬಿಳಿಯ ಚರ್ಮದವರಲ್ಲಿ, ಬಿಸಿಲಿನಿಂದ ಹುಟ್ಟಿದ ಮೆಲನೋಮಗಳಲ್ಲಿ. ಸೂರ್ಯನ ನೇರಳಾತೀತ ಕಿರಣ ಡಿಎನ್‌ಎಯಲ್ಲಿ ಅಪಾರ ಉತ್ಪರಿವರ್ತನೆಗಳನ್ನು ಮಾಡುತ್ತದೆ. ಅವುಗಳಿಂದ ಹುಟ್ಟುವ ವಿಚಿತ್ರ ಪ್ರೋಟೀನುಗಳನ್ನು ಕಾವಲು ಕೋಶಗಳು ಸುಲಭವಾಗಿ ಗುರುತು ಹಿಡಿಯುತ್ತವೆ. ಅಂಗಾಲು, ಅಂಗೈ, ಉಗುರಿನಡಿಯ ಮೆಲನೋಮಕ್ಕೆ ಬಿಸಿಲಿನ ಹಂಗಿಲ್ಲ. ಅದರಲ್ಲಿ ಉತ್ಪರಿವರ್ತನೆಗಳು ಬಹಳ ಕಡಿಮೆ, ಬದಲಿಗೆ ವರ್ಣತಂತುಗಳು ಒಡೆದು ಅದಲುಬದಲಾಗಿರುತ್ತವೆ ಎಂದು 2017ರ ಆಸ್ಟ್ರೇಲಿಯಾದ ಜೀನೋಮ್ ಅಧ್ಯಯನ ತೋರಿಸಿತು. ಇಲ್ಲಿ ಲಿಂಫೋಸೈಟುಗಳು ನುಗ್ಗುವುದೂ ಸಾಮಾನ್ಯವಾಗಿ ಕಡಿಮೆ, ತಡೆ ತೆಗೆಯುವ ಔಷಧಿಗೆ ಸಿಗುವ ಸ್ಪಂದನವೂ ಕಡಿಮೆ. ಭಾರತದಲ್ಲಿ ಮೆಲನೋಮ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ಪಾದವೇ ಪ್ರಮುಖ. ಅಲ್ಲಿಯ ಕೋಲಿನಿಂದ ಇಲ್ಲಿಯ ಕಾಲನ್ನು ಅಳೆದರೆ ಸಿಗುವ ಉತ್ತರ ಎಷ್ಟು ನೆಟ್ಟಗಿದ್ದೀತು?

ಇಲ್ಲಿಯದೇ ಕೋಲು ಮಾಡಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಕಿದ್ವಾಯಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಅಲ್ಲಿ 1982ರಿಂದ ನಡೆದಿದೆ. ಆದರೆ ನಮ್ಮಲ್ಲಿ ಮೆಲನೋಮ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗಿಂತ ಕಡಿಮೆ. ಆಸ್ಟ್ರೇಲಿಯಾದಲ್ಲಿ ಮೂವತ್ತಕ್ಕೂ ಹೆಚ್ಚು. ಕೋಟಿ ಜನರ ನಗರದಲ್ಲೂ ವರ್ಷಕ್ಕೆ ನೂರು ರೋಗಿಗಳು ಸಿಗುವುದಿಲ್ಲ. ಒಂದು ಆಸ್ಪತ್ರೆಯಿಂದ ಆಗುವ ಕೆಲಸ ಇದಲ್ಲ, ಹಲವು ಕೂಡಬೇಕು. ಸಮಾಧಾನದ ಸಂಗತಿಯೆಂದರೆ, ಲಿಂಫೋಸೈಟ್ ದರ್ಜೆ ಹೇಳಲು ದುಬಾರಿ ಕಿಟ್ ಬೇಡ. ಬಯಾಪ್ಸಿಗೆಂದು ಹೇಗೂ ಬಣ್ಣ ಹಾಕಿದ ಗಾಜಿನ ಸ್ಲೈಡು, ಪಳಗಿದ ಕಣ್ಣು ಸಾಕು. ವರದಿಯಲ್ಲಿ ಒಂದು ಸಾಲು ಹೆಚ್ಚು ಬರೆದರಾಯಿತು. ಸಾವಿರಾರು ರೂಪಾಯಿಯ ಹೊಸ ಪರೀಕ್ಷೆಗಳ ಬಗ್ಗೆ ಪುಟ ತುಂಬಿಸುವ ನಾವು ಈ ಒಂದು ಸಾಲನ್ನು ಕೇಳಿದ್ದೇ ಇಲ್ಲ.

ಆ ಮಗನಿಗೆ ಇಂದು ಏನು ಹೇಳಬಹುದು? ವರದಿಯಲ್ಲಿ ಗಂತಿಯ ದಪ್ಪ ಎಷ್ಟು ಮಿಲಿಮೀಟರ್ ಎಂದು ನೋಡು, ಮೇಲ್ಪದರ ಹುಣ್ಣಾಗಿದೆಯೇ ಕೇಳು, ತೊಡೆಸಂದಿನ ಹಾಲುರಸ ಗ್ರಂಥಿಗೆ ಹರಡಿದೆಯೇ ಪರೀಕ್ಷಿಸಿದ್ದಾರೆಯೇ ಕೇಳು ಎನ್ನಬಹುದು. ದಪ್ಪದ ಮಹತ್ವವನ್ನು ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ಹೇಳಿದರು. ಅಮೆರಿಕ, ಯೂರೋಪ್, ಆಸ್ಟ್ರೇಲಿಯಾಗಳ 46,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಆಧರಿಸಿ 2018ರಲ್ಲಿ ಜಾರಿಗೆ ಬಂದ ಹಂತ ವಿಂಗಡಣೆಯಲ್ಲೂ ಆ ಮಿಲಿಮೀಟರಿಗೇ ಮೊದಲ ಸ್ಥಾನ. ಲಿಂಫೋಸೈಟ್ ದರ್ಜೆಗೆ ಅದರಲ್ಲಿ ಜಾಗ ಸಿಗಲಿಲ್ಲ. ಅದರ ಪ್ರಕಾರ ತೀರಾ ತೆಳುವಾಗಿದ್ದಾಗಲೇ ಸಿಕ್ಕ, ಬೇರೆಲ್ಲೂ ಹರಡದ ಮೆಲನೋಮದವರಲ್ಲಿ ಐದು ವರ್ಷದ ಹೊತ್ತಿಗೆ ಆ ರೋಗದಿಂದ ಸಾಯದೆ ಉಳಿದವರು ಶೇ. 99. ಇದೂ ಅಲ್ಲಿಯ ಕೋಲೇ, ಒಪ್ಪಿದೆ. ಆದರೆ ಈ ಅಳತೆ ಬದಲಾಗುವುದು ಲ್ಯಾಬಿನಲ್ಲಿ ಅಲ್ಲ. ಕಲೆಯನ್ನು ಆಣಿ ಎಂದುಕೊಂಡು ಕಳೆದ ಆ ಒಂದೂವರೆ ವರ್ಷದಲ್ಲಿ.