ಮಧ್ಯಾಹ್ನ ಮೂರರ ಗಾಳಿ

ಅಣ್ಣನ ಮಗ ಈ ಯುಗಾದಿಗೆ ಸೊಲ್ಲಾಪುರ ಕಡೆಯ ನಮ್ಮ ಊರು ಕರಜಗಿಗೆ ಬಂದವನು ಚಹಾ ಕುಡಿಯುವ ಮೊದಲೇ ನನ್ನ ಕೈಗೆ ಒಂದು ಹಾಳೆ ಇಟ್ಟ. ಬೆಂಗಳೂರಿನಲ್ಲಿ ತನ್ನ ಸ್ಲಾವಿಯಾ 1.5 ಟಿಎಸ್‌ಐ ಕಾರಿಗೆ ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ತಿದ್ದಿಸಿ, ಶಕ್ತಿ ಅಳೆಯುವ ಡೈನೊ ಮೇಲೆ ಓಡಿಸಿ ತಂದದ್ದು. "ನೋಡ್ರಿ ಕಾಕಾ, ಕಂಪನಿ ಕೊಟ್ಟಿದ್ದು 150 ಅಶ್ವಶಕ್ತಿ. ಈಗ ಗೆರಿ ಎಲ್ಲಿಗ್ ಹೋಗೇದ!"

ಗೆರೆ ಚೆಂದವಾಗಿಯೇ ಏರಿತ್ತು. ಆದರೆ ಡೈನೊ ಸಾಮಾನ್ಯವಾಗಿ ತನ್ನ ಅಂಕಿಯನ್ನು 20 ಅಥವಾ 25 ಡಿಗ್ರಿ ಗಾಳಿಯ ಲೆಕ್ಕಕ್ಕೆ ಹೊಂದಿಸಿ ಅಚ್ಚು ಹಾಕುತ್ತದೆ. ಅಂಥ ಗಾಳಿ ಏಪ್ರಿಲ್‌ನಲ್ಲಿ ನಮಗೆ ಸಿಕ್ಕರೆ ನಸುಕಿನಲ್ಲಿ ಮಾತ್ರ. ಮಧ್ಯಾಹ್ನ 42 ಡಿಗ್ರಿಯ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ ಅದು ಹೆಚ್ಚುಕಡಿಮೆ 140 ಡಿಗ್ರಿ ಮುಟ್ಟುತ್ತದೆ. 22 ಡಿಗ್ರಿಯ ಗಾಳಿಯಾದರೆ 115ರ ಆಸುಪಾಸು. ಕಾದ ಗಾಳಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತದೆ. ಅದೇ ನಾಕಿಂಗ್. ಸೆನ್ಸರ್ ಆ ಸದ್ದು ಕೇಳಿದೊಡನೆ ಎಂಜಿನ್ನಿನ ಕಂಪ್ಯೂಟರ್ ಇಸಿಯು ಕಿಡಿಯನ್ನು ತಡಮಾಡುತ್ತದೆ, ಕೊಂಡು ತಂದ ಅಶ್ವಶಕ್ತಿ ಅಲ್ಲೇ ಕರಗುತ್ತದೆ. ಎಂಜಿನ್ ಉಳಿಯುವುದೂ ಅದರಿಂದಲೇ, ಆದ್ದರಿಂದ ಆ ಕಾವಲನ್ನು ಸಡಿಲಿಸುವ ಟ್ಯೂನರ್ ಬಳಿ ಗಾಡಿ ಬಿಡಬೇಡಿ.

ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಈ ಎಂಜಿನ್ನಿನಲ್ಲಿ ಬಂಪರ್ ಹಿಂದೆ ಇಲ್ಲ. ಎಂಜಿನ್ನಿನ ಬಳಿಯೇ ಕೂತಿದೆ, ನೀರಿನಿಂದ ತಣಿಯುತ್ತದೆ. ಆ ನೀರಿಗೆ ಬೇರೆಯೇ ರೇಡಿಯೇಟರ್, ಬೇರೆಯೇ ಪಂಪ್. ಒಂದೆರಡು ಸಲ ಜೋರಾಗಿ ಎಳೆದರೆ ನೀರು ಕಾವನ್ನು ನುಂಗಿಕೊಳ್ಳುತ್ತದೆ. ಮೂರನೆಯ ಸಲಕ್ಕೆ ಆ ನೀರೇ ಕಾದಿರುತ್ತದೆ. ಅದಕ್ಕೇ ನಮ್ಮ ಕಡೆ ಟ್ಯೂನಿಂಗ್ ರೇಡಿಯೇಟರ್ ತೊಳೆಯುವುದರಿಂದ ಶುರುವಾಗಬೇಕು. ಎರೆಮಣ್ಣಿನ ದೂಳು, ಕಬ್ಬಿನ ರವದಿಯ ಚೂರು ಅದರ ಸಂದುಗಳಲ್ಲಿ ಎಷ್ಟು ತುಂಬುತ್ತವೆ ಎಂಬುದು ಬೆಂಗಳೂರಿನವರಿಗೆ ಗೊತ್ತಿರುವುದಿಲ್ಲ. ಆಮೇಲೆ ಹೊಸ ಸ್ಪಾರ್ಕ್ ಪ್ಲಗ್, 95 ಆಕ್ಟೇನ್‌ಗೆ ಕಡಿಮೆಯಿಲ್ಲದ ಪೆಟ್ರೋಲ್. ಕಬ್ಬಿನಿಂದ ತೆಗೆದ ಎಥೆನಾಲ್ ಪೆಟ್ರೋಲಿಗೆ ಬೆರೆತರೆ ಮೈಲೇಜ್ ಇಳಿಯುತ್ತದೆ, ನಿಜ. ಆದರೆ ಅದು ಆವಿಯಾಗುವಾಗ ಸಿಲಿಂಡರಿನ ಕಾವು ಹೀರುತ್ತದೆ, ನಾಕಿಂಗ್ ತಡೆಯುತ್ತದೆ. ಟರ್ಬೊಗೆ ನಮ್ಮ ಸೊಲ್ಲಾಪುರದ ಕಬ್ಬು ವೈರಿಯಲ್ಲ.

ಹುಡುಗನ ಹಾಳೆಯಲ್ಲಿ ನನಗೆ ಹಿಡಿಸದ್ದು ಟಾರ್ಕಿನ ಗೆರೆ. ಅವನದು ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. ಅದರ ಒಣ ಕ್ಲಚ್‌ಗಳನ್ನು ಕಟ್ಟಿರುವುದು 250 ನ್ಯೂಟನ್ ಮೀಟರಿಗೆ. ಕಂಪನಿಯೇ ಆ 250ನ್ನು 1,600ರಿಂದ 3,500 ಆರ್‌ಪಿಎಂವರೆಗೆ ಕೊಟ್ಟು ಮುಗಿಸಿದೆ. ಅದರ ಮೇಲೆ ಇನ್ನೂ ಹೇರಿದರೆ ಸೀಟಿಗೆ ಬೆನ್ನು ಒತ್ತುವ ಸುಖ ಸಿಗುತ್ತದೆ, ಕ್ಲಚ್ ಸವೆಯುತ್ತದೆ. ಜಾಣ ಟ್ಯೂನರ್ ಟಾರ್ಕನ್ನು ಎತ್ತರಿಸುವುದಿಲ್ಲ, ಉದ್ದಕ್ಕೆ ಎಳೆಯುತ್ತಾನೆ. ಅದೇ 250ನ್ನು 5,000 ಆರ್‌ಪಿಎಂವರೆಗೆ ಹಿಡಿದಿಟ್ಟರೆ ಲೆಕ್ಕಕ್ಕೆ 178 ಅಶ್ವಶಕ್ತಿ ಬರುತ್ತದೆ! ಪುಟ್ಟ ಟರ್ಬೊ ಅಲ್ಲಿಯವರೆಗೆ ಪೂರ್ತಿ ಉಸಿರು ಹಿಡಿಯದೆ ಇರಬಹುದು. ಅರ್ಧ ದಾರಿ ಹೋದರೂ ಗಾಡಿಯ ಗುಣವೇ ಬದಲಾಗುತ್ತದೆ. ನಾನು ಮೆಚ್ಚುವ ಮ್ಯಾಪ್ ಅದು.

ಬ್ರೇಕಿನ ಮಾತನ್ನು ಅವನು ಎತ್ತಲಿಲ್ಲ, ನಾನೇ ಎತ್ತಿದೆ. ಸುಗ್ಗಿಯಲ್ಲಿ ಹಿಂದೆ ಕೆಂಪು ದೀಪವಿಲ್ಲದೆ ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಕತ್ತಲಲ್ಲಿ ಎದುರಾಗುವ ಊರು ಇದು. ಹೊಸ ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡ್, ಗಟ್ಟಿಯಾಗದ ಟೈರು ರೀಮ್ಯಾಪಿಗಿಂತ ಮೊದಲು ಬರಬೇಕು.

ಮಧ್ಯಾಹ್ನ 3ಕ್ಕೆ ಅಕ್ಕಲಕೋಟೆ ರಸ್ತೆಗೆ ಹೊರಟೆವು. ಎಂಜಿನ್ನಿನ ಅಂಕಿ ಓದುವ ಒಬಿಡಿ ಕೊಂಡಿಯನ್ನು ಗಾಡಿಗೆ ಸಿಕ್ಕಿಸಿದ್ದೆವು, ಅಂಕಿ ತೋರಿಸುವ ಮೊಬೈಲ್ ನನ್ನ ಕೈಯಲ್ಲಿತ್ತು. ಖಾಲಿ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಮೊದಲ ಸಲ ಒತ್ತಿದಾಗ ಹುಡುಗ ನಕ್ಕ. ಮೂರನೆಯ ಸಲ ಎರಡು ಸಿಲಿಂಡರ್‌ಗಳಲ್ಲಿ ಕಿಡಿ ಹಿಂದೆ ಸರಿದದ್ದನ್ನು ತೋರಿಸಿದೆ. ಅವನು ಗಾಡಿ ಬೇವಿನ ನೆರಳಿಗೆ ಹಾಕಿ, ಬಹಳ ಹೊತ್ತು ಆ ಅಂಕಿಗಳನ್ನೇ ನೋಡುತ್ತ ಕುಳಿತ. "ಕಾಕಾ, ಬ್ಯಾಸಗಿಗೆ ಬ್ಯಾರೆ ಮ್ಯಾಪ್ ಬರಸಬಹುದೇನ್ರಿ?"

ಬರೆಸಬಹುದು. ಮೇ ತಿಂಗಳಲ್ಲಿ, ಇದೇ ರಸ್ತೆಯ ಲಾಗ್ ಕಳಿಸಿ ಬರೆಸು ಎಂದೆ.