ಸೋತವರ ಹೆಮ್ಮೆ

“ಸೋತರೇನಾಯಿತು ದೊಡ್ಡಪ್ಪ, ಅಲ್ಲಿಯವರೆಗೆ ಹೋದದ್ದು ನಮ್ಮವರು ತಾನೆ?” ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗ, ಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೀಗೆಂದು ಕೆಲವು ವರ್ಷಗಳಾದುವು. 2016ರ ನವೆಂಬರ್ 5ರಂದು ದೋಹಾದಲ್ಲಿ ನಡೆದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದ ಮಾತು ಅದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹುಡುಗರಿಗೆ ವಾಲಿಬಾಲು, ಕಬಡ್ಡಿ, ಕ್ರಿಕೆಟ್ಟುಗಳ ಬಳಕೆಯೇ ಹೆಚ್ಚು. ಕಾಲ್ಚೆಂಡಿನ ಹುಚ್ಚನ್ನು ಇವನು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಿಂದ ಹೊತ್ತು ತಂದವನು. ಅಂದು ಅವನ ಮಾತು ಬರಿಯ ಸಮಾಧಾನವೆಂದು ತೋರಿತು. ಆದರೆ ಅದರಲ್ಲಿ ಸಾಹಿತ್ಯದ ವಿದ್ಯಾರ್ಥಿ ಯೋಚಿಸಬೇಕಾದ ಪ್ರಶ್ನೆಯೊಂದಿದೆ: ಸೋತವರ ಪಕ್ಷದವನ ಹೆಮ್ಮೆಯನ್ನು ಯಾವ ಕೋಲಿನಿಂದ ಅಳೆಯಬೇಕು?

ಮೊದಲು ಸಂಗತಿಯನ್ನು ನೋಡೋಣ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಮೂರೇ ವರ್ಷಗಳಲ್ಲಿ ಆ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ತಲಪಿರಲಿಲ್ಲ. ಹಿಂದಿನ ವರ್ಷ ಕಪ್ಪು ಗೆದ್ದಿದ್ದ ಮಲೇಷ್ಯದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಸೋಲಿಸಿ ಬಂದ ತಂಡ ಅದು. ದೋಹಾದಲ್ಲಿ 71ನೆಯ ನಿಮಿಷದಲ್ಲಿ ಒಂದು ಗೋಲು ಬಿತ್ತು. ಕಪ್ಪು ಇರಾಕಿನ ಅಲ್-ಕುವಾ ಅಲ್-ಜವಿಯಾ ತಂಡದ ಪಾಲಾಯಿತು.

ಇಂಥ ಸೋಲಿನ ಬಳಿಕ ಎರಡು ಬಗೆಯ ಹೆಮ್ಮೆ ಹುಟ್ಟುತ್ತದೆ. ಒಂದು, ಸೋಲನ್ನು ನೋಡಲೊಲ್ಲದ ಹೆಮ್ಮೆ. ‘ಅಲ್ಲಿಯವರೆಗೆ ಹೋದದ್ದೇ ದೊಡ್ಡದು’ ಎಂದು ಅದು ಕಣ್ಣು ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಸೋಲನ್ನು ಪೂರ್ತಿಯಾಗಿ ನೋಡಿಯೂ ಉಳಿಯುವ ಹೆಮ್ಮೆ. ಮೊದಲನೆಯದು ಅಗ್ಗದ್ದು, ಎಲ್ಲೆಲ್ಲೂ ದೊರೆಯುತ್ತದೆ. ಎರಡನೆಯದನ್ನು ಕಾಣಬೇಕಾದರೆ ರನ್ನನ ಬಳಿಗೆ ಹೋಗಬೇಕು.

ಆಟವನ್ನು ಕಾವ್ಯದ ಪಕ್ಕದಲ್ಲಿಡುವುದು ಅತಿಯಾಯಿತೆಂದು ಕೆಲವರು ಹುಬ್ಬೇರಿಸಬಹುದು. ಯುದ್ಧವೂ ಆಟವೂ ಒಂದೆಂದು ನಾನು ಹೇಳುತ್ತಿಲ್ಲ. ಆದರೆ ಫಲ ತಿಳಿದ ಮೇಲೂ ಒಬ್ಬನ ಕಡೆಗೆ ವಾಲುವ ನೋಡುಗನ ಮನಸ್ಸು ಎರಡು ಕಡೆಯೂ ಒಂದೇ. ರನ್ನನ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ವೆಂದು ಹೆಸರು. ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕೃತಿ ಅದು. ಆದರೆ ಓದುಗನ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ನಾಟಕವಾಗಿಸಿದಾಗ ಅವನನ್ನೇ ದುರಂತನಾಯಕನನ್ನಾಗಿ ಕಂಡರು.

ಅವನಿಗೆ ಈ ಘನತೆ ಬಂದುದು ಛಲವೊಂದರಿಂದಲೇ ಅಲ್ಲ. ಹೆಣಗಳ ನಡುವೆ ರಣರಂಗದಲ್ಲಿ ನಡೆದುಹೋಗುವಾಗ ಅವನು ತನ್ನವರಿಗಾಗಿ ಅಳುತ್ತಾನೆ. ಹಾಗೆಯೇ ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಆ ಎಳೆಯನ ಶೌರ್ಯಕ್ಕೆ ತಲೆಬಾಗುತ್ತಾನೆ. ಎಲ್ಲವನ್ನೂ ಕಳೆದುಕೊಂಡವನು ಎದುರಾಳಿಯ ಹಿರಿಮೆಯನ್ನು ಒಪ್ಪುವ ಆ ಗಳಿಗೆಯಲ್ಲಿ ಅವನ ಹೆಮ್ಮೆ ಶುದ್ಧವಾಗುತ್ತದೆ. ರನ್ನ ಅವನ ತಪ್ಪುಗಳನ್ನು ಮುಚ್ಚಿಡಲಿಲ್ಲ, ತೊಡೆ ಮುರಿಯುವುದನ್ನು ತಪ್ಪಿಸಲೂ ಇಲ್ಲ.

ನಮ್ಮ ಮಲೆನಾಡಿನವರಿಗೆ ಈ ಪಾಠ ಹೊಸದಲ್ಲ. ಮಳೆಗಾಲದ ರಾತ್ರಿ ತಾಳಮದ್ದಳೆಯಲ್ಲಿ ಗದಾಪರ್ವದ ಪ್ರಸಂಗ ನಡೆಯುವಾಗ ಕೌರವ ಸೋಲುವನೆಂಬುದು ಯಾರಿಗೆ ತಿಳಿಯದು? ಆದರೂ ಕೌರವನ ಅರ್ಥ ಕೇಳಲು ಕಂಬಳಿ ಹೊದ್ದು ಕುಳಿತಿರುತ್ತಾರೆ. ಆದರೆ ಭೀಮನ ಅರ್ಥಧಾರಿ ಸಪ್ಪೆಯಾದರೆ ಕೌರವನೂ ಕಳೆಗುಂದುತ್ತಾನೆಂಬುದನ್ನು ಆ ರಸಿಕರು ಬಲ್ಲರು.

ಇದೇ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಇನ್ನೂ ಮುಂದೆ ಹೋದರು. ‘ಶ್ರೀ ರಾಮಾಯಣ ದರ್ಶನಂ’ನ ರಾವಣ ಕಡೆಯ ಯುದ್ಧಕ್ಕೆ ಮುನ್ನ ಕನಸಿನಲ್ಲಿ ಸೀತೆಯ ಮಡಿಲ ಶಿಶುವಾಗುತ್ತಾನೆ, ಸೋಲು ಅಲ್ಲಿ ಉದ್ಧಾರಕ್ಕೆ ದಾರಿ. ಅದು ಮಹತ್ತಾದ ದರ್ಶನ. ಆದರೂ ಆಟದ ಅಭಿಮಾನಿಗೆ ಹತ್ತಿರದವನು ರನ್ನನೇ ಎಂದು ನನಗನಿಸುತ್ತದೆ. ಅಭಿಮಾನಿ ಉದ್ಧಾರವಾಗಬೇಕಾಗಿಲ್ಲ, ಕಣ್ಣು ತೆರೆದು ನೋಡಿದರೆ ಸಾಕು.

ನೋಡಬೇಕಾದುದು ದೋಹಾದಲ್ಲಿಯೂ ಇತ್ತು. ಇರಾಕ್ ಆಗ ಯುದ್ಧದಲ್ಲಿ ಬೇಯುತ್ತಿತ್ತು. ಮೋಸುಲ್ ನಗರಕ್ಕಾಗಿ ಕಾಳಗ ನಡೆದಿತ್ತು. ಆ ತಂಡಕ್ಕೆ ತನ್ನ ನೆಲದಲ್ಲಿ, ತನ್ನ ಜನರ ಮುಂದೆ ಇಂಥ ಪಂದ್ಯವಾಡುವ ಭಾಗ್ಯವಿರಲಿಲ್ಲ. ಹಾಗೆ ಬಂದವರು ಆ ಕಪ್ಪನ್ನು ಗೆದ್ದ ಮೊದಲ ಇರಾಕಿ ಕ್ಲಬ್ಬಾದರು. 2017, 2018ರಲ್ಲಿಯೂ ಗೆದ್ದರು. ಇಂಥವರೆದುರು ಒಂದೇ ಗೋಲಿನಿಂದ ಸೋತೆವೆಂಬುದನ್ನು ತಿಳಿದು ಪಡುವ ಹೆಮ್ಮೆಗೆ ತೂಕವಿದೆ.

ಕಳೆದ ದೀಪಾವಳಿಗೆ ಹುಡುಗ ಊರಿಗೆ ಬಂದಾಗ, ಅಂದು ಗೋಲು ಹೊಡೆದವನು ಯಾರೆಂದು ಕೇಳಿದೆ. “ಹಮ್ಮಾದಿ ಅಹ್ಮದ್, ದೊಡ್ಡಪ್ಪ” ಎಂದು ತಡವಿಲ್ಲದೆ ಹೇಳಿದ. ನಮ್ಮವರು ಎಲ್ಲಿ ಜಾಗ ಬಿಟ್ಟರು, ಅವನು ಹೇಗೆ ನುಗ್ಗಿದ ಎಂಬುದನ್ನು ಜಗಲಿಯ ಮೇಲೆ ಅಡಕೆಗಳನ್ನಿಟ್ಟು ತೋರಿಸಿದ. ಅವನ ಹೆಮ್ಮೆಯ ವಿಷಯದಲ್ಲಿ ನನಗಿದ್ದ ಅನುಮಾನ ಅಲ್ಲಿಗೆ ತೀರಿತು.